ಓಡಿದ ಕಾಲಿಗೆ ಕೆಂಪು ದೀಪ

ನಾನು ಸ್ವಭಾವತಃ ಕುಳಿತುಕೊಳ್ಳುವ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಾರಾಯಣಖೇಡದಲ್ಲಿ ಇವತ್ತಿಗೂ ಕೆಲವರು ನನ್ನನ್ನು ಹೊಸಬರಿಗೆ ಪರಿಚಯಿಸುವಾಗ "ಇವರು ಚಳವಳಿ ಕಾಲದಾಗ ಜಹೀರಾಬಾದ್ ತನಕ ಓಡಿದವರು" ಎಂದು ಹೇಳಿ, ಒಂದು ಕ್ಷಣ ತಡೆದು, ನಗುತ್ತಾರೆ. ಹೊಸಬರು ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ಕಾಲು ನೋಡುತ್ತಾರೆ, ಕೊನೆಗೆ ಆ ನಗು ಯಾತಕ್ಕೆ ಎಂದು ನನ್ನ ಮುಖ ನೋಡುತ್ತಾರೆ. ಎಲ್ಲರಿಗೂ ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಕಥೆ ಇದಲ್ಲ. ಹಾಗಾಗಿ ಬರೆದೇ ಬಿಡೋಣ ಎಂದು ಕುಳಿತಿದ್ದೇನೆ. ಕುಳಿತಿದ್ದೇನೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ನಮ್ಮದು ಸಿರ್ಗಾಪುರದ ಕಡೆ ಕುರಿ ಸಾಕುವ ಮನೆತನ. ಅಪ್ಪ, ಚಿಕ್ಕಪ್ಪಂದಿರು, ಅಕ್ಕ ಕಾಶಮ್ಮ ಎಲ್ಲರೂ ಹಿಂಡಿನ ಹಿಂದೆ ವರ್ಷದಲ್ಲಿ ಆರು ತಿಂಗಳು ನಡೆಯುವವರು. ಬೆಳೆ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುತ್ತ ಬೀದರ್ ಕಡೆಗೆ ಒಂದು ಸುತ್ತು, ತಾಂಡೂರಿನ ಕಡೆಗೆ ಒಂದು ಸುತ್ತು. ನಾನು ಎಂಟು ವರ್ಷದವನಿದ್ದಾಗ ಹಿಂಡಿನ ಜೊತೆ ಕರೆದೊಯ್ದರೆ ಸಂಜೆಯ ಹೊತ್ತಿಗೆ ಕುಂಟು ಕುರಿಗಿಂತಲೂ ಹಿಂದೆ ಬೀಳುತ್ತಿದ್ದೆ. ಅಪ್ಪ ಎರಡು ವರ್ಷ ನೋಡಿ, "ಇದು ನಡೆಯೋ ಮಾಲು ಅಲ್ಲ, ಸಾಲಿಗಿ ಹಾಕು" ಎಂದ. ನನ್ನ ವಿದ್ಯಾಭ್ಯಾಸದ ಹಿಂದಿನ ದೂರದೃಷ್ಟಿ ಇಷ್ಟೇ. ಓದಿದೆ, ನೌಕರಿ ಸಿಕ್ಕಿತು, ಅದೂ ಗ್ರಂಥಾಲಯದಲ್ಲಿ. ಲೋಕದಲ್ಲಿ ಕುಳಿತು ಮಾಡುವ ಕೆಲಸಗಳು ಅನೇಕ ಇವೆ. ಆದರೆ ಗ್ರಂಥಪಾಲಕನ ಹಾಗೆ ಕುಳಿತವನನ್ನು ಕೂರುವವರೇ ಬಂದು ಕಾಣುವ ಕೆಲಸ ಇನ್ನೊಂದಿಲ್ಲ. ಓದುಗರು ಬರುತ್ತಾರೆ, ಪೇಪರು ಹಿಡಿದು ಕೂರುತ್ತಾರೆ, ನಾನು ಅವರನ್ನು ನೋಡುತ್ತ ಕೂರುತ್ತೇನೆ. ಹೀಗೆ ಹದಿನೆಂಟು ವರ್ಷ ಕಳೆದಿತ್ತು.

ಆಗ ಪ್ರತ್ಯೇಕ ತೆಲಂಗಾಣ ರಾಜ್ಯದ ಚಳವಳಿ ಜೋರಾಯಿತು. ನೌಕರರೆಲ್ಲ ಕೆಲಸ ನಿಲ್ಲಿಸಿದರು, ಬಸ್ಸು ನಿಂತವು, ಶಾಲೆ ಮುಚ್ಚಿದವು. ನಾನೂ ಗ್ರಂಥಾಲಯಕ್ಕೆ ಬೀಗ ಹಾಕಿ ಚೌರಸ್ತೆಯ ಧರಣಿ ಪೆಂಡಾಲಿನಲ್ಲಿ ಹೋಗಿ ಕುಳಿತೆ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಬದಲಾವಣೆ ಅನ್ನಿಸಲಿಲ್ಲ. ಕುರ್ಚಿಯ ಬದಲು ಜಮಖಾನೆ, ಅಷ್ಟೇ. ನನ್ನ ಹೆಂಡತಿ ಸುಮಿತ್ರಾ ಮನೂರಿನ ಕಡೆಯ ಹಳ್ಳಿಗಳಲ್ಲಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ಆರೋಗ್ಯ ಸಹಾಯಕಿ. ಅವಳು ಮಾತ್ರ ಷೇರ್ ಆಟೋ ಸಿಕ್ಕರೆ ಆಟೋ, ಇಲ್ಲದಿದ್ದರೆ ಕಾಲು ಎಂದು ದಿನಾ ಹೋಗಿಬರುತ್ತಿದ್ದಳು. "ನಾವೆಲ್ಲ ಬಂದ್ ಮಾಡೀವಿ, ನೀನೊಬ್ಬಾಕಿ ಹೋದರ ಹ್ಯಾಂಗ?" ಎಂದು ಒಂದು ದಿನ ನಾನು ಗಂಭೀರವಾಗಿ ಕೇಳಿದೆ. "ನೀವು ಬಂದ್ ಮಾಡೀರಿ, ಹೆರಿಗಿ ಬಂದ್ ಮಾಡ್ಯಾವೇನು?" ಎಂದು ಚೀಲ ಹೆಗಲಿಗೇರಿಸಿ ಹೊರಟಳು. ಚಳವಳಿಯ ಬಗ್ಗೆ ನನಗೂ ಅವಳಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ನನ್ನ ಬಗ್ಗೆ ಮಾತ್ರ ಇತ್ತು.

ಪೆಂಡಾಲಿನ ಮೇಲ್ವಿಚಾರಣೆ ಗೌತಮನದು. ಕಂಗ್ಟಿಯ ಮಾಸ್ತರ, ಬೌದ್ಧ ಮನೆತನದವನು, ದಿನಾ ಬೆಳಿಗ್ಗೆ ಓಡುವ ಅಭ್ಯಾಸದವನು, ತೆಳ್ಳಗೆ ಜೋಳದ ದಂಟಿನ ಹಾಗೆ ಇದ್ದ. ಇಷ್ಟು ದಿನ ಕೂತು ಕೂತು ಜನರ ಉತ್ಸಾಹ ಜಡ್ಡುಗಟ್ಟುತ್ತಿದೆ ಎಂದು ಅವನಿಗೆ ಅನ್ನಿಸಿತು. ನಾರಾಯಣಖೇಡದಿಂದ ಜಹೀರಾಬಾದಿನವರೆಗೆ ನೌಕರರು ಸರದಿಯಲ್ಲಿ ಬಾವುಟ ಹಿಡಿದು ಓಡಬೇಕು, ಒಬ್ಬೊಬ್ಬರು ಎರಡೆರಡು ಕಿಲೋಮೀಟರ್ ಎಂದು ಪ್ರಕಟಿಸಿದ. ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ಆಮೇಲೆ ಮೈಕನ್ನು ನನ್ನ ಕೈಗೆ ಕೊಟ್ಟು "ಎರಡು ಮಾತಾಡ್ರಿ" ಎಂದ. ಹದಿನೆಂಟು ವರ್ಷ "ನಿಶ್ಶಬ್ದ" ಎಂಬ ಬೋರ್ಡಿನ ಕೆಳಗೆ ಕುಳಿತ ಮನುಷ್ಯನ ಕೈಗೆ ಮೈಕು ಕೊಡಬಾರದು. ನನ್ನ ದನಿ ನಾಲ್ಕು ದಿಕ್ಕಿನ ಭೋಂಗಾಗಳಿಂದ ಹೊರಟು ಚೌರಸ್ತೆ ದಾಟಿ ಹೋಗುವುದನ್ನು ಕೇಳಿ ನನಗೇ ರೋಮಾಂಚನವಾಯಿತು. ಕುರುಬರ ಮಗ ನಾನು, ನಡೆಯುವುದು ನಮ್ಮ ರಕ್ತದಲ್ಲಿದೆ ಎಂದೆ. ಚಪ್ಪಾಳೆ ಬಿತ್ತು. ಎರಡು ಕಿಲೋಮೀಟರ್ ನನಗೆ ಅವಮಾನ ಎಂದೆ. ಇನ್ನಷ್ಟು ಚಪ್ಪಾಳೆ. ಬಾವುಟ ಕೈ ಬದಲಾಯಿಸಲಿ, ನಾನು ಮಾತ್ರ ಮೊದಲಿಂದ ಕೊನೆಯವರೆಗೆ ಅದರ ಜೊತೆ ಓಡುತ್ತೇನೆ ಎಂದುಬಿಟ್ಟೆ. ಮೈಕು ವಾಪಸು ಕೊಟ್ಟಾಗ ಗೌತಮ ಮೆಲ್ಲಗೆ, "ಅಣ್ಣಾ, ಜಹೀರಾಬಾದ್ ಎಷ್ಟು ದೂರ ಅದ ಗೊತ್ತದ ಅಲ್ಲ?" ಎಂದ. ಬಸ್ಸಿನಲ್ಲಿ ಹೋಗುವಾಗ ನಿದ್ದೆ ಬರುವಷ್ಟು ದೂರ ಎಂಬುದು ಮಾತ್ರ ನನಗೆ ಗೊತ್ತಿತ್ತು.

ಓಟದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಎರಡು ಮೈಲಿ ನಾನು ಘೋಷಣೆ ಕೂಗುತ್ತ ಓಡಿದೆ. ಮುಂದಿನ ಎರಡು ಮೈಲಿ ಘೋಷಣೆ ಬಿಟ್ಟು ಓಡಿದೆ. ಅದರ ಮುಂದೆ ಓಡುವುದನ್ನೂ ಬಿಟ್ಟು ಬಿರುಸಾಗಿ ನಡೆದೆ. ಒಂದು ಊರಿನ ಹತ್ತಿರ ತೊಗರಿ ಹೊಲದ ಬದುವಿನಲ್ಲಿ ಕುಳಿತು ಬೂಟು ಬಿಚ್ಚಿ ನೋಡಿದರೆ ಅಂಗಾಲಿನ ಗುಳ್ಳೆಗಳು ಒಡೆದಿದ್ದವು. ಬಾವುಟದವರು ಮುಂದೆ ಹೋಗಿಬಿಟ್ಟಿದ್ದರು. ಆಗ ಓಟಗಾರರಿಗೆ ನೀರು ಒಯ್ಯುತ್ತಿದ್ದ ಖಾಜಾನ ಆಟೋ ಬಂತು. ಖಾಜಾ ನಮ್ಮ ಓಣಿಯವನೇ, ಮೂವತ್ತರ ಆಸುಪಾಸು. ನನ್ನ ಕಾಲು ನೋಡಿ, "ಸಾಬ್, ಕೂಡ್ರಿ. ಊರು ಬಂದಲ್ಲಿ ಇಳಸ್ತೀನಿ, ಊರು ದಾಟಿದ ಮ್ಯಾಲ ಹತ್ತಸ್ತೀನಿ" ಎಂದ. ಇದರಲ್ಲಿ ನೈತಿಕ ಪ್ರಶ್ನೆ ಇತ್ತು. ನಾನು ಅದನ್ನು ನೀರಿನ ಕ್ಯಾನುಗಳ ನಡುವೆ ಕುಳಿತು ಯೋಚಿಸಿದೆ. ಖಾಜಾ ಹೇಳಿದ ಹಾಗೆಯೇ ಪ್ರತಿ ಊರಿನ ಬಾಗಿಲಲ್ಲಿ ಇಳಿದು, ಜನರ ಮುಂದೆ ಓಡಿ, ಊರಾಚೆ ಹತ್ತಿಕೊಂಡೆ. ಜಹೀರಾಬಾದಿನ ಅಂಚಿನಲ್ಲಿ ಇಳಿದು ಬಾವುಟದವರನ್ನು ಸೇರಿಕೊಂಡಾಗ ನನಗೆ ಹಾರ ಹಾಕಿದರು. ನಾನು ಕುಂಟುತ್ತಿದ್ದುದು ಪೂರ್ತಿ ಪ್ರಾಮಾಣಿಕವಾಗಿತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಹಿಮ್ಮಡಿ ಊರಿದರೆ ನೆಲದಿಂದ ಯಾರೋ ಮೊಳೆ ಹೊಡೆದ ಹಾಗಾಯಿತು. ಮೂರು ದಿನ ಕಳೆದರೂ ಇಳಿಯಲಿಲ್ಲ. ಗೋಡೆ ಹಿಡಿದು ಬಚ್ಚಲಿಗೆ ಹೋಗುವ ನನ್ನನ್ನು ನೋಡಿ ಸುಮಿತ್ರಾ ಜಹೀರಾಬಾದಿನ ಒಬ್ಬ ಫಿಸಿಯೋಥೆರಪಿಯವರ ಬಳಿ ಕಳಿಸಿದಳು. ಕರೆದೊಯ್ದದ್ದು ಮತ್ತೆ ಖಾಜಾನೇ. ದಾರಿಯುದ್ದಕ್ಕೂ "ಇಲ್ಲಿ ಇಳಿದಿದ್ರಿ, ಇಲ್ಲಿ ಹತ್ತಿದ್ರಿ" ಎಂದು ಸ್ಥಳಪುರಾಣ ಹೇಳುತ್ತ ಬಂದ. ಫಿಸಿಯೋಥೆರಪಿಯವರು ನನ್ನ ಅಂಗಾಲನ್ನು ಹತ್ತಿಯಿಂದ ಸವರಿ, ಕಡ್ಡಿಯಿಂದ ಚುಚ್ಚಿ, "ಗೊತ್ತಾಗ್ತದಾ? ಇಲ್ಲಿ? ಇಲ್ಲಿ?" ಎಂದು ಕೇಳಿದರು. ನನಗೆ ಕಚಗುಳಿಯಾಗಿ ನಕ್ಕೆ. ಅವರು ನಗಲಿಲ್ಲ. ಹದಿನೆಂಟು ವರ್ಷ ಕೂತ ಕಾಲನ್ನು ಒಂದೇ ದಿನ ಓಡಿಸಿದರೆ ಅಂಗಾಲಿನ ನಾರು ಎಳೆದುಕೊಳ್ಳದೆ ಏನು ಮಾಡುತ್ತದೆ ಎಂದು ಕೇಳಿ, ಒಂದೆರಡು ವ್ಯಾಯಾಮ ಹೇಳಿಕೊಟ್ಟರು. ಕೊನೆಗೆ, ಇಂಥದ್ದೊಂದು ದೀಪ ಮನೆಯಲ್ಲಿ ಇದ್ದರೆ ದಿನಾ ಹತ್ತು ನಿಮಿಷ ಕಾಯಿಸಿಕೊಳ್ಳಿ, ಸ್ನಾಯು ಸಡಿಲವಾಗುತ್ತದೆ ಎಂದು ಮೂಲೆಯಲ್ಲಿದ್ದ ಕೆಂಪು ದೀಪ ತೋರಿಸಿದರು. ಒಂದೂವರೆ ಮೊಳ ದೂರ ಇಡಬೇಕು, ಹಿತವಾದ ಬೆಚ್ಚಗೆ ಇರಬೇಕು, ಚುರುಕ್ ಎಂದರೆ ಸರಿಸಬೇಕು ಎಂದೂ ಹೇಳಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದೂ ನೆನಪಿಟ್ಟುಕೊಳ್ಳುವುದೂ ಬೇರೆ ಬೇರೆ ಕ್ರಿಯೆಗಳು ಎಂದು ನನಗೆ ಆಮೇಲೆ ತಿಳಿಯಿತು.

ದೀಪ ತಾಂಡೂರಿನಿಂದ ಬಂತು. ಅಲ್ಲಿ ಸುಮಿತ್ರಾಳ ಅಣ್ಣ ಬಂಡೆಗಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಆಳುಗಳ ಮೇಲಿನ ಮುಕದ್ದಮ. ಕಲ್ಲು ಎತ್ತಿ ಎತ್ತಿ ಬೆನ್ನು ಹಿಡಿದಾಗ ಕೊಂಡದ್ದಂತೆ. ಮೋಟರ್ ಸೈಕಲ್ಲಿನ ಹಿಂದೆ ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿ ಕಟ್ಟಿಕೊಂಡು ತಂದುಕೊಟ್ಟು, ಊಟ ಮಾಡಿ ಹೋದರು. ಸ್ಟ್ಯಾಂಡಿನ ಮೇಲೆ ತಗಡಿನ ಟೋಪಿ, ಅದರೊಳಗೆ ದಪ್ಪ ಬದನೆಕಾಯಿ ಗಾತ್ರದ ಕೆಂಪು ಬಲ್ಬು. ಹಚ್ಚಿದರೆ ನಮ್ಮ ನಡುಮನೆ, ಗೋಡೆಯ ಕ್ಯಾಲೆಂಡರು, ನನ್ನ ಹೊಟ್ಟೆ, ಎಲ್ಲ ಕೆಂಪಾಗುತ್ತಿತ್ತು. ಆದರೆ ಹಚ್ಚಲು ಕರೆಂಟು ಬೇಕಲ್ಲ? ಕಲ್ಲಿದ್ದಲು ಗಣಿಯವರೂ ಮುಷ್ಕರ ಹೂಡಿದ್ದರಿಂದ ಕರೆಂಟು ಹೊತ್ತು ಗೊತ್ತಿಲ್ಲದೆ ಹೋಗಿ ಬರುತ್ತಿತ್ತು. ಮುಷ್ಕರಕ್ಕಾಗಿ ಓಡಿದ ಕಾಲಿನ ಶುಶ್ರೂಷೆಯನ್ನು ಮುಷ್ಕರವೇ ನಿಲ್ಲಿಸುವುದನ್ನು ಯಾರ ಬಳಿ ದೂರುವುದು? ಕರೆಂಟು ಬಂದಾಗ ಊಟ ಬಿಟ್ಟು ಎದ್ದು ಕಾಲು ಚಾಚುತ್ತಿದ್ದೆ. ಪೆಂಡಾಲಿನ ಗೆಳೆಯರು ನೋಡಲು ಬರುತ್ತಿದ್ದರು. ಕೆಂಪು ಬೆಳಕಿನಲ್ಲಿ ಮಲಗಿದ ನನ್ನನ್ನು ನೋಡಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ನಾನು ದಣಿದ ದನಿಯಲ್ಲಿ ಉತ್ತರ ಕೊಡುತ್ತಿದ್ದೆ. ಹತ್ತು ದಿನದಲ್ಲಿ ನೋವು ಬಹುಮಟ್ಟಿಗೆ ಕಡಿಮೆಯಾಯಿತು. ಅದು ದೀಪದಿಂದಲೋ, ವ್ಯಾಯಾಮದಿಂದಲೋ, ಅಥವಾ ಹತ್ತು ದಿನ ಸುಮ್ಮನೆ ಮಲಗಿದ್ದರಿಂದಲೋ ನಾನು ತನಿಖೆ ಮಾಡಲಿಲ್ಲ. ಕಡಿಮೆಯಾದದ್ದನ್ನು ಯಾರಿಗೂ ಹೇಳಲೂ ಇಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಬಾಗಿಲಲ್ಲಿ ಅಕ್ಕ ಕಾಶಮ್ಮ ನಿಂತಿದ್ದಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಭಾವ ತೀರಿಹೋದ ಮೇಲೂ ಹಿಂಡು ಬಿಟ್ಟವಳಲ್ಲ. ತಮ್ಮ ಓಡಿ ಓಡಿ ಕಾಲು ಕಳೆದುಕೊಂಡಿದ್ದಾನೆ, ಕೆಂಪು ದೀಪದ ಕೆಳಗೆ ಮಲಗಿಸಿದ್ದಾರೆ ಎಂದು ಸಿರ್ಗಾಪುರಕ್ಕೆ ಸುದ್ದಿ ಮುಟ್ಟಿತ್ತಂತೆ. ಬಸ್ಸಿಲ್ಲ. ಬೆಳಿಗ್ಗೆ ನಸುಕಿನಲ್ಲಿ ಹೊರಟು, ರೊಟ್ಟಿ ಗಂಟು ಕಟ್ಟಿಕೊಂಡು, ಅಷ್ಟು ದೂರ ನಡೆದೇ ಬಂದಿದ್ದಳು. ಒಳಗೆ ಬಂದವಳು ನನ್ನ ಎರಡೂ ಕಾಲನ್ನು ಹಿಡಿದು ನೋಡಿದಳು. "ಏನಾಗ್ಯಾದೋ? ಎರಡೂ ಅವ ಅಲ್ಲ!" ಎಂದಳು. ಆ ದನಿಯಲ್ಲಿ ಸಮಾಧಾನಕ್ಕಿಂತ ಮೋಸಹೋದ ಭಾವವೇ ಹೆಚ್ಚು ಇದ್ದ ಹಾಗಿತ್ತು. ನಾನು ಓಟದ ಕಥೆ ಹೇಳತೊಡಗಿದೆ. ಅವಳು ಅರ್ಧಕ್ಕೇ ತಡೆದು, "ಒಂದು ದಿನ ಓಡಿದ್ದಕ ಹದಿನೈದು ದಿನ ಮಲಗೀದಿ? ನಾ ಐವತ್ತು ವರ್ಷ ನಡದೀನಿ, ನನಗ ಯಾವ ದೀಪ ಹಚ್ಯಾರ?" ಎಂದಳು. ಸುಮಿತ್ರಾ ಕೆಲಸಕ್ಕೆ ಹೋಗಿದ್ದಳು, ಇಲ್ಲದಿದ್ದರೆ ಈ ಪ್ರಶ್ನೆಗೆ ಚಪ್ಪಾಳೆ ಬೀಳುತ್ತಿತ್ತು.

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಉಪಚಾರಕ್ಕೆ ಇಳಿಯುತ್ತೇನೆ. "ಬಾ ಅಕ್ಕಾ, ಇವತ್ತು ನಿನಗ ಹಚ್ಚತೀನಿ" ಎಂದು ಅವಳನ್ನು ಮಂಚದ ಮೇಲೆ ಕೂರಿಸಿ, ಕಾಲು ಚಾಚಿಸಿ ದೀಪ ಹಚ್ಚಿದೆ. ಕರೆಂಟು ಇತ್ತು, ಅದೃಷ್ಟ ಎಂದುಕೊಂಡೆ. ಅವಳ ಅಂಗಾಲು ಒಣಗಿದ ಕೆರೆಯ ತಳದ ಹಾಗೆ ಬಿರಿದಿತ್ತು. "ಹ್ಯಾಂಗದ?" ಎಂದೆ. "ಏನ್ ಹ್ಯಾಂಗದ? ಬರೀ ಬಣ್ಣ ಅದ" ಎಂದಳು. ದೀಪ ಸ್ವಲ್ಪ ಹತ್ತಿರ ತಂದೆ. "ಈಗ?" "ಏನೂ ಇಲ್ಲ." ಇಷ್ಟು ದೂರದಿಂದ ಬಂದ ಅಕ್ಕನಿಗೆ ಬಿಸಿಯೂ ತಾಗದಿದ್ದರೆ ಹೇಗೆ? ಇನ್ನೂ ಹತ್ತಿರ ತಂದೆ. ಕುರುಬರ ಕಾಲು ಎಂದರೆ ಹೀಗಿರಬೇಕು, ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಹೆಮ್ಮೆಪಟ್ಟೆ. ಪೆಂಡಾಲಿನಲ್ಲಿ ರಕ್ತದ ಬಗ್ಗೆ ಆಡಿದ ಮಾತು ಸುಳ್ಳಲ್ಲ ಅನ್ನಿಸಿ ಸಂತೋಷವಾಯಿತು. ನಡೆದು ದಣಿದಿದ್ದ ಅಕ್ಕ ಗೋಡೆಗೊರಗಿ ನಿದ್ದೆಹೋದಳು. ನಾನು ಚಹಾ ಮಾಡಲು ಒಳಗೆ ಹೋದೆ. ಚಹಾ ಕುದಿಯುವಾಗ ಒಂದು ವಾಸನೆ ಬಂತು. ಹಾಲು ಉಕ್ಕಿದ್ದಲ್ಲ. ಓಡಿಬಂದು ದೀಪ ಆರಿಸಿದೆ. ಹೆಬ್ಬೆರಳಿನ ಹಿಂದೆ ದೊಡ್ಡ ನೀರ್ಗುಳ್ಳೆ ಎದ್ದಿತ್ತು. ಅಕ್ಕ ಇನ್ನೂ ನಿದ್ದೆಯಲ್ಲಿದ್ದಳು. ಎಬ್ಬಿಸಿ, "ಅಕ್ಕಾ, ಕಾಲು ಸುಟ್ಟದ, ಉರೀತದೇನು?" ಎಂದರೆ, "ಉರಿಯಾಕ ಏನಾಗ್ಯಾದ? ಚಾ ಆತೇನು?" ಎಂದಳು.

ಸಂಜೆ ಸುಮಿತ್ರಾ ಬಂದು ಅಕ್ಕನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಗುಳ್ಳೆಯನ್ನಲ್ಲ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಎಡಗಾಲಿನ ಕಿರುಬೆರಳಿನ ಬುಡ ಕಪ್ಪಾಗಿತ್ತು. ಒತ್ತಿದರೆ ಕೀವು. "ಇದು ಯಾವಾಗಿಂದ?" ಎಂದಳು. ಅಕ್ಕ ಬಗ್ಗಿ ನೋಡಿ, ತಾನೂ ಮೊದಲ ಸಲ ನೋಡುತ್ತಿರುವವಳಂತೆ, "ಅಲ್ಲೇನು ಆಗ್ಯಾದ? ನೋವೇ ಇಲ್ಲ" ಎಂದಳು. ಸುಮಿತ್ರಾ ತನ್ನ ಚೀಲದಿಂದ ಬಸುರಿಯರ ಮೂತ್ರ ಪರೀಕ್ಷೆಯ ಪಟ್ಟಿ ತೆಗೆದು, ಒಂದು ಲೋಟ ಕೊಟ್ಟು ಬಚ್ಚಲಿಗೆ ಕಳಿಸಿದಳು. "ಈ ವಯಸ್ಸಿನಾಗ ನಾ ಏನ್ ಬಸುರಿ ಆಗೀನೇನ?" ಎಂದು ಗೊಣಗುತ್ತ ಹೋದಳು. ಪಟ್ಟಿಯ ಬಣ್ಣ ನೋಡುನೋಡುತ್ತಿದ್ದಂತೆ ಗಾಢವಾಯಿತು. ಸುಮಿತ್ರಾ ನನ್ನನ್ನು ಪಕ್ಕಕ್ಕೆ ಕರೆದು, "ಸಕ್ಕರಿ ಬಾಳ ಅದ. ಕಾಲಿನ ಅರಿವು ಹೋಗ್ಯಾದ. ಬೆರಳು ಕೆಡ್ಲಿಕ್ಕತ್ಯಾದ. ನಾಳಿ ಬೆಳಿಗ್ಗಿನೇ ಜಹೀರಾಬಾದ್ ಒಯ್ಯಬೇಕು. ತಡ ಮಾಡಿದರ ಕಾಲೇ ಹೋಗ್ತದ" ಎಂದಳು. ಆಮೇಲೆ, "ಮತ್ತ ಆ ದೀಪ ಅಷ್ಟು ಹತ್ತಿರ ಇಟ್ಟವರು ಯಾರು?" ಎಂದಳು. ಮನೆಯಲ್ಲಿ ಇನ್ನೊಬ್ಬರಿದ್ದಿದ್ದರೆ ನಾನು ಅವರ ಕಡೆ ನೋಡುತ್ತಿದ್ದೆ. ಫಿಸಿಯೋಥೆರಪಿಯವರು ನನ್ನ ಕಾಲನ್ನು ಹತ್ತಿಯಿಂದ ಸವರಿದ್ದು ಯಾತಕ್ಕೆ ಎಂದು ಆಗ ಹೊಳೆಯಿತು. ಹೊಳೆದು ಏನು ಪ್ರಯೋಜನ? ಅವತ್ತು ನಾನು ಊಟ ಮಾಡಲಿಲ್ಲ. ಅಕ್ಕ ಮಾಡಿದಳು, ನನ್ನ ಪಾಲಿನದನ್ನೂ.

ಮರುದಿನ ಖಾಜಾನ ಆಟೋದಲ್ಲಿ ಹೊರಟೆವು. ಅಕ್ಕ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಸುಮಿತ್ರಾ ಪಕ್ಕದಲ್ಲಿ, ನಾನು ಖಾಜಾನ ಪಕ್ಕ ಅರ್ಧ ಸೀಟಿನಲ್ಲಿ. ರಾತ್ರಿಯೆಲ್ಲ ಅಕ್ಕನಿಗೆ ಜ್ವರ ಏರಿತ್ತು. ಆದರೂ ದಾರಿಯ ಹೊಲಗಳಲ್ಲಿ ಯಾರ ಕುರಿ ಮೇಯುತ್ತಿವೆ ಎಂದು ಹೆಸರು ಹಿಡಿದು ಹೇಳುತ್ತಿದ್ದಳು. ಜಹೀರಾಬಾದ್ ಹತ್ತಿರವಾದಂತೆ ಅವಳ ಮಾತು ನಿಂತಿತು. ಅದು ನನಗೆ ಹೆಚ್ಚು ಭಯ ಹುಟ್ಟಿಸಿತು. ಊರಿನ ಅಂಚಿನಲ್ಲಿ ಮುಂಬೈ ಹೆದ್ದಾರಿ ಸೇರುವ ಕಡೆ ರಸ್ತಾ ರೋಕೋ. ರಸ್ತೆಯ ನಡುವೆಯೇ ಮೂರು ಕಲ್ಲು ಹೂಡಿ, ದೊಡ್ಡ ಹಂಡೆಯಲ್ಲಿ ಅನ್ನ ಬೇಯಿಸುತ್ತಿದ್ದರು. ಸಾಲು ಲಾರಿಗಳು ನಿಂತಿದ್ದವು. ನಾನು ಇಳಿದು, ಆಸ್ಪತ್ರೆ, ಅಕ್ಕ, ಕಾಲು ಎಂದು ಬಿಡಿಬಿಡಿಯಾಗಿ ಹೇಳುತ್ತ ಮುಂದೆ ಹೋದೆ. ಅಷ್ಟರಲ್ಲಿ ಯಾರೋ ನನ್ನನ್ನು ಗುರುತು ಹಿಡಿದರು. "ಅರೇ, ನಾರಾಯಣಖೇಡದಿಂದ ಓಡಿಬಂದಿದ್ದ ಸಾರ್ ಬಂದಾರ!" ನನ್ನ ಮಾತು ಮುಗಿಯುವ ಮೊದಲೇ ನಾಲ್ಕು ಜನ ಹಿಡಿದು ಟ್ರಾಕ್ಟರ್ ಟ್ರಾಲಿಯ ಮೇಲೆ ಹತ್ತಿಸಿದರು. ಕೈಯಲ್ಲಿ ಮೈಕು.

ಇಲ್ಲಿ ನಾನು ಬರೆಯಬೇಕಾದದ್ದು ಬರೆಯಲು ಕಷ್ಟವಾದದ್ದು. "ದಾರಿ ಬಿಡಿ" ಎಂಬ ಎರಡು ಶಬ್ದ ಹೇಳಿ ಇಳಿಯಬೇಕು ಎಂದೇ ನಾನು ಮೈಕು ಹಿಡಿದದ್ದು. ಆದರೆ ಜನ "ಜೈ ತೆಲಂಗಾಣ" ಎಂದು ಕೂಗಿದರು. ಪ್ರತಿಯಾಗಿ ಕೂಗದಿದ್ದರೆ ಹೇಗೆಂದು ನಾನೂ ಕೂಗಿದೆ. ಭೋಂಗಾ ಚೆನ್ನಾಗಿತ್ತು. ಮೊದಲು ಒಂದು ಮಾತು ಹೇಳಿ ಆಮೇಲೆ ವಿಷಯಕ್ಕೆ ಬರೋಣ ಎಂದುಕೊಂಡೆ. "ಅವತ್ತು ನಾವು ಈ ರಸ್ತೆಯಲ್ಲೇ ಓಡಿಬಂದಾಗ..." ಎಂದು ಶುರುವಾಯಿತು. ಚಪ್ಪಾಳೆ ಬಿತ್ತು. ಗುಳ್ಳೆ ಒಡೆದದ್ದು ಹೇಳಿದೆ, ರಕ್ತ ಸುರಿದದ್ದು ಹೇಳಿದೆ (ಸುರಿದಿರಲಿಲ್ಲ, ಜಿನುಗಿತ್ತು), ಆದರೂ ಒಂದು ಹೆಜ್ಜೆ ನಿಲ್ಲದೆ ಓಡಿದೆ ಎಂದೂ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ ನನಗೆ ಗೊತ್ತಿಲ್ಲ. ಅನ್ನ ಬೇಯಿಸುವವರು ಗಂಜಿ ಬಸಿಯಲು ಶುರು ಮಾಡಿದ್ದು ಮಾತ್ರ ನೆನಪಿದೆ. ಆಗ ಖಾಜಾ ಟ್ರಾಲಿ ಹತ್ತಿ ನನ್ನ ಕೈಯಿಂದ ಮೈಕು ಕಿತ್ತುಕೊಂಡ. ಅವನು ಕನ್ನಡ, ತೆಲುಗು, ಉರ್ದು ಮೂರನ್ನೂ ಕಲಸಿ ಹೇಳಿದ್ದರ ಸಾರಾಂಶ ಇದು: "ಈ ಸಾಬ್ ಓಡಿಲ್ಲ ಏನಿಲ್ಲ. ಅರ್ಧ ದಾರಿ ನನ್ನ ಆಟೋದಾಗ ನೀರಿನ ಕ್ಯಾನ್ ಸಂಗಟ ಬಂದಾರ. ಖರೇ ನಡದಾಕಿ ಆ ಆಟೋದಾಗ ಮಲಗ್ಯಾಳ ನೋಡ್ರಿ, ಇವರ ಅಕ್ಕ. ಆಕಿ ಕಾಲು ಹೋಗೋ ಹೊತ್ತು ಅದ. ದಾರಿ ಬಿಡ್ರಿ, ಜಲ್ದಿ!"

ಭೂಮಿ ಬಾಯಿಬಿಡಲಿ ಎನ್ನುತ್ತಾರಲ್ಲ, ಹೆದ್ದಾರಿ ಡಾಂಬರಿನದು, ಅದೂ ಸಾಧ್ಯವಿರಲಿಲ್ಲ. ಆಮೇಲೆ ಹಂಡೆಯ ಹತ್ತಿರ ಸೌಟು ಹಿಡಿದು ನಿಂತಿದ್ದ ಒಬ್ಬ ಹೆಂಗಸು ಮೊದಲು ನಕ್ಕಳು. ಆ ನಗು ಲಾರಿ ಸಾಲಿನ ಕೊನೆಯವರೆಗೂ ಹಬ್ಬಿತು. ಆದರೆ ನಗುತ್ತಲೇ ಜನ ಓಡಾಡಿದರು. ಕಲ್ಲು ಸರಿಸಿದರು, ಉರಿಯುವ ಕೊಳ್ಳಿಗಳನ್ನು ಎಳೆದು ಪಕ್ಕಕ್ಕೆ ಹಾಕಿದರು, ಆರು ಜನ ಸೇರಿ ಬೇಯುವ ಅನ್ನದ ಹಂಡೆಯನ್ನೇ ಎತ್ತಿ ಬದಿಗಿಟ್ಟರು. ಇಬ್ಬರು ಮೋಟರ್ ಸೈಕಲ್ಲಿನವರು ಮುಂದೆ ಹೊರಟು, ಆಸ್ಪತ್ರೆಯ ಬಾಗಿಲವರೆಗೆ ದಾರಿ ಬಿಡಿಸಿಕೊಟ್ಟರು. ನಾನು ತಲೆ ತಗ್ಗಿಸಿ ಅರ್ಧ ಸೀಟಿನಲ್ಲಿ ಕುಳಿತೆ. ಸುಮಿತ್ರಾ ಹಿಂದಿನಿಂದ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿರುವುದರಲ್ಲಿ ಎಷ್ಟು ಬಗೆಗಳಿವೆ ಎಂದು ಇಪ್ಪತ್ತು ವರ್ಷದ ಸಂಸಾರದಲ್ಲಿ ಕಲಿತಿದ್ದೇನೆ. ಇದು ಹೊಸದು.

ಡಾಕ್ಟರು ಆ ದಿನವೇ ಕಿರುಬೆರಳು ತೆಗೆದರು. ಬುಡದಲ್ಲಿ ಜಾಲಿ ಮುಳ್ಳಿನ ತುದಿ ಸಿಕ್ಕಿತಂತೆ. ಎಷ್ಟು ದಿನದಿಂದ ಇತ್ತೋ, ಅದರ ಮೇಲೆಯೇ ಅಕ್ಕ ನಡೆಯುತ್ತಿದ್ದಳು. ಇನ್ನೊಂದು ವಾರ ಬಿಟ್ಟಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತಿತ್ತು ಎಂದರು. ನಾನು ಹೊರಗಿನ ಬೆಂಚಿನ ಮೇಲೆ ಅತ್ತೆ. ಖಾಜಾ ಪಕ್ಕದಲ್ಲಿ ಕುಳಿತು, "ಸಾಬ್, ನಾ ಮೈಕಿನಾಗ ಹೇಳಿದ್ದು ಮನಸಿಗಿ ಹಚ್ಕೋಬ್ಯಾಡ್ರಿ" ಎಂದ. ಅದಕ್ಕಲ್ಲಪ್ಪ ಎಂದು ಹೇಳಲು ಹೋಗಿ, ಸ್ವಲ್ಪ ಅದಕ್ಕೂ ಹೌದು ಎಂದು ಅನ್ನಿಸಿ ಕಣ್ಣೊರೆಸಿಕೊಂಡೆ. ಡಾಕ್ಟರು ಹೊರಗೆ ಬಂದು, "ಬೆರಳು ಕೆಟ್ಟದ್ದನ್ನು ಸರಿಯಾದ ಹೊತ್ತಿಗೆ ನೋಡಿದವರು ಯಾರು?" ಎಂದು ಕೇಳಿದರು. ಸುಮಿತ್ರಾ ಎಂದೆ. "ಆ ಸುಟ್ಟ ಗುಳ್ಳೆ?" ಎಂದರು. ಅದಕ್ಕೂ ಸತ್ಯವನ್ನೇ ಹೇಳಿದೆ. ಆ ದಿನ ನನ್ನಲ್ಲಿ ಸುಳ್ಳಿನ ದಾಸ್ತಾನು ಪೂರ್ತಿ ಮುಗಿದಿತ್ತು. ಅರಿವಿಲ್ಲದ ಕಾಲಿಗೆ ಬಿಸಿ ಕೊಡಬಾರದೆಂದು ಅವರು ಐದು ನಿಮಿಷ ಬೈದರು. ನಾನು ತಲೆಯಾಡಿಸಿದೆ. ಈ ಸಲ ನೆನಪಿಟ್ಟುಕೊಂಡೆ.

ಅಕ್ಕ ಒಂದು ತಿಂಗಳು ನಮ್ಮ ಮನೆಯಲ್ಲಿದ್ದಳು. ಬಸ್ಸು ಶುರುವಾದ ಮೇಲೆ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಸಿರ್ಗಾಪುರಕ್ಕೆ ಹೋದಳು. ಅಲ್ಲಿ, "ನನ್ನ ತಮ್ಮ ಕಾಲು ಸುಟ್ಟು ಕಾಲು ಉಳಿಸ್ಯಾನ" ಎಂದು ಎಲ್ಲರಿಗೂ ಹೇಳಿದಳು. ಅವಳ ಲೆಕ್ಕ ಸರಳ: ಗುಳ್ಳೆ ಏಳದಿದ್ದರೆ ಸುಮಿತ್ರಾ ಕಾಲು ನೋಡುತ್ತಿರಲಿಲ್ಲ, ನೋಡದಿದ್ದರೆ ಮುಳ್ಳು ಸಿಗುತ್ತಿರಲಿಲ್ಲ. ಇದರಿಂದ ಆ ಕಡೆಯ ಮೊಣಕಾಲು ನೋವಿನವರು ಐದಾರು ಮಂದಿ ನನ್ನನ್ನು ಹುಡುಕಿಕೊಂಡು ಬಂದು, "ಸುಡೋ ದೀಪದವರು ನೀವೇ ಏನ್ರಿ?" ಎಂದು ಕೇಳಿದರು. ದೀಪವನ್ನು ಆಗಲೇ ತಾಂಡೂರಿಗೆ ವಾಪಸು ಕಳಿಸಿಯಾಗಿತ್ತು. ಗೌತಮ ಮಾತ್ರ ನನ್ನ ಆಟೋ ಪ್ರಯಾಣದ ಬಗ್ಗೆ ಏನೂ ಕೇಳಲಿಲ್ಲ. ಮರುವಾರದಿಂದ ಬೆಳಿಗ್ಗೆ ಐದೂವರೆಗೆ ಬಂದು ಬಾಗಿಲು ತಟ್ಟಿ, "ಅಣ್ಣಾ, ಬರೀ ನಡಿಯೋಣ ಬರ್ರಿ, ಯಾರೂ ನೋಡಂಗಿಲ್ಲ" ಎಂದು ಕರೆದೊಯ್ಯತೊಡಗಿದ. ಅದಕ್ಕೆ ಕಾರಣವೂ ಇತ್ತು. ಅಕ್ಕನ ರೋಗ ಮನೆತನದಲ್ಲಿ ಬರುವಂಥದ್ದು ಎಂದು ಸುಮಿತ್ರಾ ನನ್ನ ಕೈಗೂ ಒಂದು ಲೋಟ ಕೊಟ್ಟಿದ್ದಳು. ಪಟ್ಟಿಯ ಬಣ್ಣ ನನ್ನದೂ ಬದಲಾಗಿತ್ತು. ರಕ್ತದಲ್ಲಿ ಇದೆ ಎಂದು ನಾನು ಮೈಕಿನಲ್ಲಿ ಹೇಳಿದ್ದು ನಡಿಗೆಯನ್ನು, ಇದ್ದದ್ದು ಸಕ್ಕರೆ.

ರಾಜ್ಯ ಬಂತು, ಗ್ರಂಥಾಲಯದ ಬೋರ್ಡು ಬದಲಾಯಿತು, ನಾನು ಅದೇ ಕುರ್ಚಿಯಲ್ಲಿದ್ದೇನೆ. ಎರಡು ತಿಂಗಳಿಗೊಮ್ಮೆ ಸಿರ್ಗಾಪುರಕ್ಕೆ ಹೋಗುತ್ತೇನೆ. ದಿನಾ ಕಾಲು ನೋಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದನ್ನು ಅಕ್ಕ ತನಗಷ್ಟೇ ಅಲ್ಲ, ನನಗೂ ಅನ್ವಯಿಸಿದ್ದಾಳೆ. ಹೋದ ಕೂಡಲೇ ನೀರು ಕೊಡುವ ಮೊದಲು ಅಂಗಳದ ಕಲ್ಲಿನ ಮೇಲೆ ಕೂರಿಸಿ, ನನ್ನ ಕಾಲನ್ನು ತನ್ನ ಎರಡು ಮೊಣಕಾಲಿನ ನಡುವೆ ಗಟ್ಟಿಯಾಗಿ ಹಿಡಿದು, ಬೆರಳು ಬಿಡಿಸಿ, ಬಿಸಿಲಿಗೆ ತಿರುಗಿಸಿ, ಮೂಸಿಯೂ ನೋಡುತ್ತಾಳೆ. ಕುರಿಯ ಗೊರಸು ನೋಡುವ ಕ್ರಮ ಇದೇ. ಓಣಿಯ ಜನ ನಿಂತು ನೋಡುತ್ತಾರೆ. ಹೋದ ಸಲ ನಾನು ಸಂಕೋಚ ಮರೆಸಲು ಅವರಿಗೆಲ್ಲ ಸಕ್ಕರೆ ರೋಗದ ಲಕ್ಷಣ, ಅಂಗಾಲಿನ ನರ, ಗೌತಮನ ಜೊತೆಗಿನ ನನ್ನ ನಡಿಗೆ, ಎಲ್ಲ ವಿವರಿಸುತ್ತಿದ್ದೆ. ಅಕ್ಕ ತಲೆಯೆತ್ತದೆ ಇನ್ನೊಂದು ಕಾಲನ್ನು ಎಳೆದುಕೊಂಡು, ನೀರು ಹಿಡಿದು ನಿಂತಿದ್ದ ತನ್ನ ಸೊಸೆಗೆ ಹೇಳಿದಳು: "ಕುರಿ ಆದರ ಛಲೋ. ಕಾಲು ಹಿಡದರ ಸುಮ್ಮ ನಿಂದರ್ತಾವ, ಭಾಷಣ ಮಾಡಂಗಿಲ್ಲ."